ಇಂಜೆಕ್ಷನ್ ಆದಮೇಲೂ ಎರಡು ಹನಿ ಯಾಕೆ?

2025ರ ಡಿಸೆಂಬರ್ 21ರ ಭಾನುವಾರ ರಾಜ್ಯದಲ್ಲಿ ಮತ್ತೆ ಪಲ್ಸ್ ಪೋಲಿಯೊ ಶುರುವಾಯಿತು. ಬೆಂಗಳೂರಿನ ಅಂಗನವಾಡಿ, ಆರೋಗ್ಯ ಕೇಂದ್ರ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಬೂತ್ ಹಾಕಿದ್ದರು. ಐದು ವರ್ಷದೊಳಗಿನ ಮಗುವಿನ ಬಾಯಿಗೆ ಎರಡು ಹನಿ, ಕಿರುಬೆರಳಿಗೆ ಶಾಯಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಜರ್ಮನಿಯ ಹ್ಯಾಂಬರ್ಗ್ ನಗರದ ಕೊಳಚೆ ನೀರಿನಲ್ಲಿ ವೈಲ್ಡ್ ಪೋಲಿಯೊ ವೈರಸ್ (ಲಸಿಕೆಯಿಂದ ಬಂದದ್ದಲ್ಲದ, ಮೂಲ ವೈರಸ್) ಸಿಕ್ಕಿದ ಸುದ್ದಿ ಬಂದಿತ್ತು. ಅಲ್ಲಿ ಯಾರಿಗೂ ಕಾಯಿಲೆ ಬಂದಿರಲಿಲ್ಲ. ಮಕ್ಕಳಿಗೆ ಪೋಲಿಯೊ ಇಂಜೆಕ್ಷನ್ ತಪ್ಪದೆ ಕೊಡುವ ದೇಶ ಅದು.

ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಗೊಂದಲ ಆಗಿದ್ದು ಸಹಜವೇ. ಭಾರತದಲ್ಲಿ ವೈಲ್ಡ್ ಪೋಲಿಯೊದ ಕೊನೆಯ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ಪೋಲಿಯೊಮುಕ್ತ ಎಂದು ಪ್ರಮಾಣೀಕರಿಸಿತು. ಹಾಗಾದರೆ ಇನ್ನೂ ಹನಿ ಯಾಕೆ? ಖಾಸಗಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಪೂರ್ತಿ ಹಾಕಿಸಿದ್ದೇವೆ, ಮತ್ತೆ ಹನಿ ಬೇಕಾ? ಇದರ ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಇನ್ನೊಂದು ಮಾತು ಓಡಾಡುತ್ತದೆ: ಹನಿಯಿಂದಲೇ ಪೋಲಿಯೊ ಬರುತ್ತದಂತೆ.

ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದು ನಿಜ. ಅದು ಸಾಲದು ಅನ್ನೋದೂ ನಿಜ. ಹನಿಯಲ್ಲಿ ಒಂದು ಸಣ್ಣ ಅಪಾಯ ಇದೆ ಅನ್ನೋದೂ ಸುಳ್ಳಲ್ಲ. ಈ ಮೂರೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಅಂತ ತಿಳಿಯಬೇಕಾದರೆ ಕರುಳಿನ ಒಳಮೈಯನ್ನು ನೋಡಬೇಕು. ರಕ್ತಕ್ಕೆ ಇರುವ ರಕ್ಷಣೆ ಬೇರೆ, ಕರುಳಿಗೆ ಇರುವ ರಕ್ಷಣೆ ಬೇರೆ.

ಇದು ಮೊದಲಿಗೆ ಕರುಳಿನ ವೈರಸ್

ಪೋಲಿಯೊ ಅಂದ ತಕ್ಷಣ ಸೋತ ಕಾಲು ಕಣ್ಣಿಗೆ ಬರುತ್ತದೆ. ಆದರೆ ವೈರಸ್‌ನ ಮನೆ ಕರುಳು. ಮಲ ಸೇರಿದ ನೀರು, ತೊಳೆಯದ ಕೈ, ಹೀಗೆ ಬಾಯಿಯ ಮೂಲಕ ಒಳಗೆ ಬರುತ್ತದೆ. ಗಂಟಲಿನಲ್ಲಿ, ಆಮೇಲೆ ಕರುಳಿನಲ್ಲಿ ಬೆಳೆಯುತ್ತದೆ. ವಾರಗಟ್ಟಲೆ ಮಲದಲ್ಲಿ ಹೊರಗೆ ಹೋಗುತ್ತಲೇ ಇರುತ್ತದೆ. ಸೋಂಕು ತಗುಲಿದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ವೈರಸ್ ರಕ್ತಕ್ಕೆ ದಾಟಿ, ನರಕ್ಕೆ ಹೋಗಿ, ಕೈಕಾಲು ಸ್ವಾಧೀನ ತಪ್ಪುತ್ತದೆ.

ಹಾಗಾಗಿ ತಡೆಯಬೇಕಾದ ಜಾಗ ಎರಡು. ರಕ್ತದಿಂದ ನರಕ್ಕೆ ಹೋಗುವ ದಾರಿಯನ್ನು ತಡೆದರೆ ಆ ಮಗು ಉಳಿಯುತ್ತದೆ. ಕರುಳಿನಲ್ಲೇ ವೈರಸ್ ಬೆಳೆಯದಂತೆ ತಡೆದರೆ ಅಕ್ಕಪಕ್ಕದ ಮಕ್ಕಳೂ ಉಳಿಯುತ್ತಾರೆ. ಇಂಜೆಕ್ಷನ್ ಮೊದಲನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಅದೊಂದರಿಂದಲೇ ಮಾಡಲು ಆಗುವುದಿಲ್ಲ.

ಒಂದೇ ಸಾಲು ಕೋಶಗಳು

ನಮ್ಮ ಚರ್ಮದಲ್ಲಿ ಕೋಶಗಳ ಹಲವು ಪದರ ಇವೆ. ಕರುಳಿನ ಒಳಮೈಯಲ್ಲಿ ಇರುವುದು ಒಂದೇ ಸಾಲು. ತಿಂದ ಆಹಾರದ ಸಾರ ರಕ್ತಕ್ಕೆ ಹೋಗಬೇಕಲ್ಲ, ಅದಕ್ಕೇ ಅಷ್ಟು ತೆಳು. ಸುಕ್ಕು, ಮಡಿಕೆ ಎಲ್ಲ ಬಿಡಿಸಿ ಹಾಸಿದರೆ ಜೀರ್ಣನಾಳದ ಒಳಮೈ 30 ಚದರ ಮೀಟರ್ ದಾಟುತ್ತದೆ ಎಂಬ ಅಂದಾಜಿದೆ. ಈ ತೆಳುವಾದ ಸಾಲಿನ ಒಂದು ಕಡೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾ. ಇನ್ನೊಂದು ಕಡೆ ರಕ್ತ.

ಹೀಗಿದ್ದರೂ ದಿನಾ ಸೋಂಕಾಗದಂತೆ ಕಾಯುವುದು ಹಲವು ವ್ಯವಸ್ಥೆಗಳು. ಮೊದಲನೆಯದು ಲೋಳೆ. ಕೋಶಗಳ ಸಾಲಿನ ನಡುನಡುವೆ ಲೋಳೆ ಸುರಿಸುವ ಕೋಶಗಳಿವೆ. ದೊಡ್ಡ ಕರುಳಿನಲ್ಲಿ ಈ ಲೋಳೆ ಎರಡು ಪದರವಾಗಿ ನಿಲ್ಲುತ್ತದೆ. ಹೊರಗಿನ ಸಡಿಲ ಪದರದಲ್ಲಿ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. ಕೋಶಗಳಿಗೆ ಅಂಟಿಕೊಂಡ ಒಳಗಿನ ಗಟ್ಟಿ ಪದರದಲ್ಲಿ ಅವು ಹೆಚ್ಚುಕಡಿಮೆ ಇರುವುದೇ ಇಲ್ಲ. ಸಣ್ಣ ಕರುಳಿನ ಗುಂಡಿಗಳ ತಳದಲ್ಲಿ ಪ್ಯಾನೆತ್ ಕೋಶ ಎಂಬುವು ಕೂತಿವೆ. ಬ್ಯಾಕ್ಟೀರಿಯಾದ ಹೊದಿಕೆಯನ್ನೇ ತೂತು ಮಾಡುವ ಚಿಕ್ಕ ಪ್ರೋಟೀನ್‌ಗಳನ್ನು ಅವು ಸುರಿಸುತ್ತವೆ. ಇನ್ನು ಈ ಕೋಶಗಳ ಸಾಲೇ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಸೋಂಕು ತಗುಲಿದ ಕೋಶ ಉದುರಿ ಮಲದ ಜೊತೆ ಹೋಗಿಬಿಡುತ್ತದೆ.

ಇವೆಲ್ಲ ಹುಟ್ಟಿನಿಂದ ಬಂದ ರಕ್ಷಣೆ. ಯಾವ ರೋಗಾಣು ಅಂತ ನೋಡುವುದಿಲ್ಲ. ಪೋಲಿಯೊ ವೈರಸ್ಸನ್ನು ಗುರುತು ಹಿಡಿದು ತಡೆಯುವ ಕೆಲಸ ಇನ್ನೊಂದರದು.

ಸದ್ದಿಲ್ಲದೆ ಕೆಲಸ ಮಾಡುವ ಐಜಿಎ

ಅದು ಐಜಿಎ ಎಂಬ ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್. ದೇಹ ತಯಾರಿಸುವ ಬೇರೆಲ್ಲ ಬಗೆಯ ಪ್ರತಿಕಾಯಗಳನ್ನು ಒಟ್ಟು ಸೇರಿಸಿದರೂ ಐಜಿಎ ಅವಕ್ಕಿಂತ ಜಾಸ್ತಿ. ದೊಡ್ಡವರ ಕರುಳಿಗೆ ದಿನಕ್ಕೆ ಸುಮಾರು 3ರಿಂದ 5 ಗ್ರಾಂ ಐಜಿಎ ಇಳಿಯುತ್ತದೆ. ಇದನ್ನು ತಯಾರಿಸುವ ಕೋಶಗಳು ಕರುಳಿನ ಗೋಡೆಯ ಒಳಗೇ, ಆ ಒಂದು ಸಾಲಿನ ಹಿಂದೆಯೇ ನೆಲೆಸಿರುತ್ತವೆ. ಎರಡೆರಡು ಐಜಿಎ ಜೋಡಿಯಾಗಿ ತಯಾರಾಗುತ್ತವೆ. ಸಾಲಿನ ಕೋಶಗಳು ತಮ್ಮ ಹಿಂಬದಿಯಿಂದ ಆ ಜೋಡಿಯನ್ನು ಹಿಡಿದು, ತಮ್ಮ ಮೈಯೊಳಗಿಂದಲೇ ದಾಟಿಸಿ, ಮುಂದಿನ ಲೋಳೆಗೆ ಬಿಡುತ್ತವೆ. ದಾಟಿಸುವಾಗ ಒಂದು ಪ್ರೋಟೀನ್ ತುಂಡನ್ನೂ ಅದಕ್ಕೆ ಅಂಟಿಸಿ ಕಳಿಸುತ್ತವೆ. ಜೀರ್ಣರಸಕ್ಕೆ ಸಿಕ್ಕಿ ಐಜಿಎ ಬೇಗ ಕರಗದಂತೆ ಕಾಯುವುದು ಈ ತುಂಡು.

ಐಜಿಎ ಕೆಲಸ ಮಾಡುವ ರೀತಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಅದು ರೋಗಾಣುವನ್ನು ಕೊಲ್ಲಲು ಹೋಗುವುದಿಲ್ಲ. ಅಂಟಿಕೊಳ್ಳುತ್ತದೆ, ಒಂದಕ್ಕೊಂದು ಕಟ್ಟಿಹಾಕುತ್ತದೆ, ಕೋಶದ ಬಾಗಿಲಿಗೆ ಬರದಂತೆ ಲೋಳೆಯಲ್ಲೇ ತಡೆಯುತ್ತದೆ. ಮಲದ ಜೊತೆ ಎಲ್ಲ ಹೊರಗೆ. ಊತ ಇಲ್ಲ, ಜ್ವರ ಇಲ್ಲ. ಅಷ್ಟು ತೆಳುವಾದ ಜಾಗದಲ್ಲಿ ಪ್ರತಿ ಸಲವೂ ಊತ ಎದ್ದರೆ ಕಿತ್ತುಹೋಗುವುದು ನಮ್ಮ ಗೋಡೆಯೇ.

ಸುಮ್ಮನಿರುವುದು ಕೂಡ ರಕ್ಷಣೆಯ ಭಾಗ. ಅನ್ನ, ಬೇಳೆ, ಹಾಲು, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲವೂ ದೇಹಕ್ಕೆ ಹೊರಗಿನವೇ. ಅವುಗಳ ಮೇಲೆ ಎಗರಬೇಡಿ ಎಂದು ಬೇರೆ ಕೋಶಗಳನ್ನು ತಡೆದು ನಿಲ್ಲಿಸುವ ನಿಯಂತ್ರಕ ಟಿ ಕೋಶಗಳು ಕರುಳಿನಲ್ಲಿ ತುಂಬ ಇವೆ. 2025ರ ವೈದ್ಯಕೀಯ ನೊಬೆಲ್ ಬಂದಿದ್ದು ಈ ಕೋಶಗಳನ್ನೂ ಅವುಗಳ ಹಿಂದಿರುವ ಜೀನ್ ಅನ್ನೂ ಗುರುತಿಸಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ. ಆ ಜೀನ್ ಕೆಟ್ಟು ಹುಟ್ಟುವ ಮಕ್ಕಳಲ್ಲಿ ಮೊದಲು ಕಾಣುವ ತೊಂದರೆಗಳಲ್ಲಿ ಒಂದು ನಿಲ್ಲದ ಭೇದಿ.

ಲಸಿಕೆಗೆ ಇದರಿಂದಲೇ ಒಂದು ಕಷ್ಟ ಎದುರಾಗುತ್ತದೆ. ನುಂಗಿದ್ದನ್ನೆಲ್ಲ ಕಡೆಗಣಿಸುವುದು ಕರುಳಿನ ಸ್ವಭಾವ. ಇಂಜೆಕ್ಷನ್ನಿನಲ್ಲಿ ಇರುವಂಥ ಸತ್ತ ಪೋಲಿಯೊ ವೈರಸ್ಸನ್ನು ಸುಮ್ನೆ ಕುಡಿಸಿದರೆ ಅದು ಜೀರ್ಣವಾಗಿ ಹೋಗುತ್ತದೆ ಅಷ್ಟೆ. ಕರುಳು ಗಮನ ಕೊಡಬೇಕಾದರೆ ವೈರಸ್ ಅಲ್ಲಿ ಬೆಳೆಯಬೇಕು. ಆಲ್ಬರ್ಟ್ ಸೇಬಿನ್ ರೂಪಿಸಿದ ಹನಿಯಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುವುದು ಈ ಕಾರಣಕ್ಕೆ.

ತೋಳಿಗೆ ಕೊಟ್ಟಿದ್ದು ಕರುಳಿಗೆ ಯಾಕೆ ಮುಟ್ಟುವುದಿಲ್ಲ

ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಪೇಯರ್ ಪ್ಯಾಚ್ ಎಂಬ ಗಂಟುಗಳಿವೆ. ಅವುಗಳ ಮೇಲಿರುವ ಕೆಲವು ವಿಶೇಷ ಕೋಶಗಳು ಕರುಳಿನಲ್ಲಿ ಹಾದುಹೋಗುವ ವಸ್ತುಗಳ ಮಾದರಿಯನ್ನು ಎಳೆದುಕೊಂಡು ಒಳಗೆ ಕೊಡುತ್ತವೆ. ಅಲ್ಲಿ ಬಿ ಕೋಶ, ಟಿ ಕೋಶ ಎಂಬ ರಕ್ಷಣಾ ಕೋಶಗಳು ಆ ವೈರಸ್ಸನ್ನು ಗುರುತಿಸಲು ಕಲಿಯುತ್ತವೆ. ಕಲಿತವು ರಕ್ತಕ್ಕೆ ಇಳಿದು ಒಂದು ಸುತ್ತು ಹಾಕಿ ವಾಪಸ್ ಕರುಳಿಗೇ ಬರುತ್ತವೆ. ದಾರಿ ತಪ್ಪದಿರಲು ಅವುಗಳ ಮೈಮೇಲೆ ಒಂದು ಗುರುತು ಮೂಡಿರುತ್ತದೆ, ಬಿಎಂಟಿಸಿ ಬಸ್ಸಿನ ಮುಂದಿನ ಬೋರ್ಡ್ ಇದ್ದ ಹಾಗೆ. ಕರುಳಿನ ರಕ್ತನಾಳಗಳು ಆ ಗುರುತು ಇರುವ ಕೋಶಗಳನ್ನು ಹಿಡಿದು ಒಳಗೆ ಬಿಟ್ಟುಕೊಳ್ಳುತ್ತವೆ.

ಈ ಗುರುತು ಮೂಡಲು ವಿಟಮಿನ್ ಎ ಬೇಕು. ಕರುಳಿನಲ್ಲಿರುವ ಕೋಶಗಳು ವಿಟಮಿನ್ ಎ ಯನ್ನು ರೆಟಿನಾಯಿಕ್ ಆಮ್ಲವಾಗಿ ಮಾರ್ಪಡಿಸಿ, ಅದರಿಂದ ಕರುಳಿನ ಗುರುತು ಬರುವಂತೆ ಮಾಡುತ್ತವೆ. ಒಂಬತ್ತನೇ ತಿಂಗಳಿಂದ ಮಕ್ಕಳಿಗೆ ಕುಡಿಸುವ ವಿಟಮಿನ್ ಎ ಸಿರಪ್ ಕಣ್ಣಿಗೆ ಮಾತ್ರ ಅಂತ ತಿಳಿದವರು ಜಾಸ್ತಿ. ಕರುಳಿಗೂ ಆ ಜೀವಸತ್ವ ಬೇಕೇ ಬೇಕು.

ತೋಳಿಗೋ ತೊಡೆಗೋ ಕೊಟ್ಟ ಇಂಜೆಕ್ಷನ್ನಿನ ಕಲಿಕೆ ನಡೆಯುವುದು ಕಂಕುಳು, ತೊಡೆಸಂದಿಯ ಗ್ರಂಥಿಗಳಲ್ಲಿ. ಅಲ್ಲಿ ಕಲಿತ ಕೋಶಗಳಿಗೆ ಕರುಳಿನ ಗುರುತು ಸಿಗುವುದು ಕಷ್ಟ. ಅವು ತಯಾರಿಸುವ ಐಜಿಜಿ ಎಂಬ ಪ್ರತಿಕಾಯ ರಕ್ತದಲ್ಲಿ ತುಂಬುತ್ತದೆ. ವೈರಸ್ ರಕ್ತಕ್ಕೆ ಬಂದರೆ ಅಲ್ಲೇ ಹಿಡಿಯುತ್ತದೆ. ಗಂಟಲಲ್ಲಿ ವೈರಸ್ ಬೆಳೆಯುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಕರುಳಿನ ಲೋಳೆಯಲ್ಲಿ ಮಾತ್ರ ಐಜಿಎ ಸಾಕಷ್ಟು ಇರುವುದಿಲ್ಲ. ಮಗು ಆರಾಮಾಗಿ ಆಡಿಕೊಂಡಿರುತ್ತದೆ, ವೈರಸ್ ಮಲದಲ್ಲಿ ಹೋಗುತ್ತಲೇ ಇರುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಇಸ್ರೇಲ್ 2005ರಿಂದ ಹನಿ ಬಿಟ್ಟು ಇಂಜೆಕ್ಷನ್ ಒಂದನ್ನೇ ಕೊಡುತ್ತಿತ್ತು. ಶೇ 90ಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಆಗಿತ್ತು. 2013ರಲ್ಲಿ ಅಲ್ಲಿನ ದಕ್ಷಿಣ ಭಾಗದ ಕೊಳಚೆ ನೀರಿನಲ್ಲಿ ವೈಲ್ಡ್ ವೈರಸ್ ಸಿಕ್ಕಿತು, ತಿಂಗಳುಗಟ್ಟಲೆ ಸಿಗುತ್ತಲೇ ಹೋಯಿತು. ಒಂದು ಮಗುವಿಗೂ ಕೈಕಾಲು ಹೋಗಲಿಲ್ಲ, ಆದರೆ ವೈರಸ್ ಕರುಳಿಂದ ಕರುಳಿಗೆ ಹರಡುತ್ತಿತ್ತು. ಆ ಆಗಸ್ಟ್‌ನಲ್ಲಿ ಸರ್ಕಾರ ಹತ್ತು ವರ್ಷದೊಳಗಿನ ಮಕ್ಕಳಿಗೆ ಮತ್ತೆ ಹನಿ ಹಾಕಿಸಿತು. ಹರಡುವುದು ನಿಂತಿತು.

ಹನಿಯ ಅಪಾಯ ಎಷ್ಟು, ಎಲ್ಲಿಂದ

ಜೀವಂತ ವೈರಸ್ ಅಂದಮೇಲೆ ಅದು ಬದಲಾಗಬಹುದು. ಇಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ, ಜನ ಎರಡನ್ನೂ ಕಲಸಿ ಮಾತಾಡುತ್ತಾರೆ.

ಒಂದು, ಹನಿ ತೆಗೆದುಕೊಂಡ ಮಗುವಿಗೋ ಅದರ ಹತ್ತಿರದವರಿಗೋ ಕೈಕಾಲು ಸೋಲುವುದು. ಬಹಳ ಅಪರೂಪ, ಸುಮಾರು 27 ಲಕ್ಷ ಮೊದಲ ಡೋಸ್‌ಗೆ ಒಂದು ಎಂಬುದು ಹಳೆಯ ಲೆಕ್ಕ. ಆದರೂ ಆ ಒಂದು ಮಗುವಿನ ಮನೆಯವರಿಗೆ ಅಪರೂಪ ಅನ್ನುವ ಮಾತಿನಿಂದ ಸಮಾಧಾನ ಆಗುವುದಿಲ್ಲ. ಈ ಅಪಾಯವನ್ನು ಮುಚ್ಚಿಡದೆ ಹೇಳಬೇಕು.

ಎರಡನೆಯದು, ಲಸಿಕೆಯ ವೈರಸ್ ಮಗುವಿನಿಂದ ಮಗುವಿಗೆ ಹರಡುತ್ತಾ ಹೋಗಿ, ಕಾಲ ಕಳೆದಂತೆ ಕಳೆದುಕೊಂಡ ಬಲವನ್ನು ಮತ್ತೆ ಪಡೆಯುವುದು. ಗಾಜಾದಲ್ಲಿ 2024ರಲ್ಲಿ ಹತ್ತು ತಿಂಗಳ ಮಗುವಿಗೆ ತಗುಲಿದ್ದು, 2022ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಂಡಿದ್ದು ಇಂಥ ವೈರಸ್. 2024ರಲ್ಲಿ ಮೇಘಾಲಯದ ಮಗುವಿನ ಪ್ರಕರಣದಲ್ಲೂ ಸಿಕ್ಕಿದ್ದು ಲಸಿಕೆ ಮೂಲದ ವೈರಸ್ಸೇ, ವೈಲ್ಡ್ ಅಲ್ಲ. ಆದರೆ ಹೀಗೆ ಊರೂರು ಹರಡಬೇಕಾದರೆ ಅದಕ್ಕೆ ರಕ್ಷಣೆ ಇಲ್ಲದ ಕರುಳುಗಳು ಸಾಲಾಗಿ ಸಿಗಬೇಕು. ಎಲ್ಲ ಮಕ್ಕಳಿಗೂ ಹನಿ ಆಗಿರುವ ಕಡೆ ಅದರ ಓಟ ಬೇಗ ನಿಲ್ಲುತ್ತದೆ. ಅರ್ಧ ಮಕ್ಕಳಿಗೆ ಹಾಕಿ ಅರ್ಧ ಮಕ್ಕಳನ್ನು ಬಿಟ್ಟ ಕಡೆ ಅದು ಬೆಳೆಯುತ್ತದೆ.

ನಮ್ಮಲ್ಲಿ ಅಷ್ಟೊಂದು ಸಲ ಯಾಕೆ ಹಾಕಬೇಕಾಯಿತು

ಅಮೆರಿಕದ ಮಕ್ಕಳಿಗೆ ಮೂರ್ನಾಲ್ಕು ಡೋಸ್ ಸಾಕಾಗಿದ್ದ ಹನಿ, ನಮ್ಮಲ್ಲಿ ಹತ್ತು ಹದಿನೈದು ಸಲ ಹಾಕಿದರೂ ಕೆಲವು ಮಕ್ಕಳಿಗೆ ಪೋಲಿಯೊ ಬಂದಿತ್ತು. ವೆಲ್ಲೂರಿನ ವೈದ್ಯ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಉತ್ತರ ಪ್ರದೇಶ, ಬಿಹಾರದಲ್ಲಿ ಒಂದು ಡೋಸಿನಿಂದ ಸಿಗುತ್ತಿದ್ದ ರಕ್ಷಣೆ ದೇಶದ ಉಳಿದ ಕಡೆಗಿಂತ ಬಹಳ ಕಡಿಮೆ ಇತ್ತು. 2009ರಲ್ಲಿ ಭಾರತದಲ್ಲಿ 741 ಪ್ರಕರಣ.

ಕಾರಣ ಹೆಚ್ಚಾಗಿ ಲಸಿಕೆಯ ಗುಣಮಟ್ಟದ್ದಲ್ಲ, ಕರುಳಿನ ಸ್ಥಿತಿಯದ್ದು. ಕೊಳಕು ನೀರು ಕುಡಿದು ಬೆಳೆಯುವ ಮಕ್ಕಳ ಕರುಳಲ್ಲಿ ಸದಾ ಒಂದಲ್ಲ ಒಂದು ವೈರಸ್ ಇರುತ್ತದೆ, ಅವು ಲಸಿಕೆಯ ವೈರಸ್‌ಗೆ ಜಾಗ ಬಿಡುವುದಿಲ್ಲ. ಪದೇ ಪದೇ ಭೇದಿಯಾಗಿ ಒಳಮೈಯ ಬೆರಳಿನಾಕಾರದ ಮಡಿಕೆಗಳು ಚಪ್ಪಟೆಯಾಗುತ್ತವೆ, ಗೋಡೆಯಲ್ಲಿ ಸಣ್ಣ ಊತ ನಿಂತುಬಿಡುತ್ತದೆ. ಇಂಥ ಕರುಳು ಹೊಸ ಲಸಿಕೆಯಿಂದ ಕಲಿಯುವುದು ಕಡಿಮೆ. ಮಕ್ಕಳಿಗೆ ಭೇದಿ ತರುವ ರೋಟಾ ವೈರಸ್‌ನ ಲಸಿಕೆಯಲ್ಲೂ ಇದೇ ಕಥೆ. ನವಜಾತ ಶಿಶುಗಳಲ್ಲಿ ಕಾಯಿಲೆ ತಾರದೆ ಬೆಳೆಯುವ ರೋಟಾ ವೈರಸ್‌ಗಳನ್ನು ದೆಹಲಿಯ ಏಮ್ಸ್‌ನಲ್ಲೂ ನಮ್ಮ ಐಐಎಸ್‌ಸಿಯಲ್ಲೂ ಗುರುತಿಸಿದ್ದರು. ದೆಹಲಿಯ 116ಇ ತಳಿಯಿಂದ ತಯಾರಾದ ಲಸಿಕೆ ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಸುಮಾರು ಶೇ 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಅಲ್ಲಿನ ರೋಟಾ ಲಸಿಕೆಗಳು ಶೇ 85ಕ್ಕಿಂತ ಹೆಚ್ಚು ತಡೆಯುತ್ತವೆ. ಕಡಿಮೆ ಅನಿಸಿದರೂ ನಮ್ಮಲ್ಲಿ ಭೇದಿಯಿಂದ ಸಾಯುತ್ತಿದ್ದ ಮಕ್ಕಳ ಸಂಖ್ಯೆ ನೋಡಿದರೆ ಆ 56 ಬಹಳ ದೊಡ್ಡದು.

ಪೋಲಿಯೊ ವೈರಸ್‌ನಲ್ಲಿ ಮೂರು ಬಗೆ ಇವೆ. ಮೊದಲು ಒಂದೇ ಬಗೆಯ ವೈರಸ್ ಇರುವ ಹನಿ, 2010ರಿಂದ ಎರಡು ಬಗೆಯದು, ಜೊತೆಗೆ ಮತ್ತೆ ಮತ್ತೆ ಸುತ್ತು. ಹೀಗೆ ಗೆದ್ದೆವು. ಕರುಳಿನ ಐಜಿಎ ತಿಂಗಳುಗಳಲ್ಲಿ ಇಳಿಯುತ್ತಾ ಹೋಗುತ್ತದೆ ಎಂಬುದೂ ಮತ್ತೆ ಮತ್ತೆ ಹಾಕಲು ಕಾರಣ.

ಎರಡು ವಾದ

ಹನಿ ನಿಲ್ಲಿಸಿ ಪೂರ್ತಿ ಇಂಜೆಕ್ಷನ್‌ಗೆ ಹೋಗಿ ಎನ್ನುವವರ ವಾದ ಹಗುರವಾದದ್ದಲ್ಲ. ವೈಲ್ಡ್ ವೈರಸ್ ಈಗ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಮಾತ್ರ ನೆಲೆಯೂರಿದೆ. ಇಲ್ಲದ ಕಾಯಿಲೆಗೆ ಅಪಾಯ ಇರುವ ಔಷಧ ಯಾಕೆ ಎಂದು ಅವರು ಕೇಳುತ್ತಾರೆ. ಜೇಕಬ್ ಜಾನ್ ಅವರೇ ಇಂಜೆಕ್ಷನ್ ಪರವಾಗಿ ದಶಕಗಳಿಂದ ಮಾತಾಡಿದ್ದಾರೆ.

ಇನ್ನೊಂದು ಕಡೆಯವರು 2016ನ್ನು ತೋರಿಸುತ್ತಾರೆ. ಎರಡನೇ ಬಗೆಯ ವೈಲ್ಡ್ ವೈರಸ್ ಕೊನೆಯ ಸಲ ಕಂಡಿದ್ದು 1999ರಲ್ಲಿ, ಅಲಿಗಢದಲ್ಲಿ. ಅದು ಹೋದಮೇಲೆ ಹನಿಯಲ್ಲಿ ಆ ಬಗೆ ಯಾಕೆ ಎಂದು 2016ರ ಏಪ್ರಿಲ್‌ನಲ್ಲಿ ಪ್ರಪಂಚದಾದ್ಯಂತ ತೆಗೆದುಬಿಟ್ಟರು. ಲೆಕ್ಕ ಸರಿಯಾಗಿಯೇ ಕಂಡಿತ್ತು. ಆದರೆ ಆಮೇಲೆ ಹುಟ್ಟಿದ ಮಕ್ಕಳ ಕರುಳಲ್ಲಿ ಆ ಬಗೆಯ ವಿರುದ್ಧ ಐಜಿಎ ಇರಲಿಲ್ಲ. ಇಂಜೆಕ್ಷನ್ ಎಲ್ಲರಿಗೂ ತಲುಪಿರಲಿಲ್ಲ. ಎಲ್ಲೋ ಉಳಿದಿದ್ದ ಲಸಿಕೆ ಮೂಲದ ವೈರಸ್, ಮುಖ್ಯವಾಗಿ ಆಫ್ರಿಕಾದಲ್ಲಿ, ದೇಶದಿಂದ ದೇಶಕ್ಕೆ ಹರಡಿತು. ಸಾವಿರಾರು ಮಕ್ಕಳು ಕೈಕಾಲು ಕಳೆದುಕೊಂಡರು. ಅದನ್ನು ತಡೆಯಲು ಬೇಗ ಬದಲಾಗದಂಥ ಹೊಸ ಹನಿಯನ್ನು ತಯಾರಿಸಬೇಕಾಯಿತು, ಅದಕ್ಕೆ 2020ರಲ್ಲಿ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು.

ಭಾರತ ನಡುದಾರಿ ಹಿಡಿದಿದೆ, ಅದಕ್ಕೆ ಕರುಳಿನಲ್ಲೇ ಆಧಾರ ಇದೆ. 2015ರ ನವೆಂಬರ್‌ನಲ್ಲಿ ಇಂಜೆಕ್ಷನ್ ಸೇರಿತು. ಈಗ ಸರ್ಕಾರಿ ವೇಳಾಪಟ್ಟಿಯಲ್ಲಿ ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳಲ್ಲಿ ಚರ್ಮದ ಪದರಕ್ಕೆ 0.1 ಮಿಲಿಲೀಟರ್. ಹನಿ ಮೊದಲೇ ಆಗಿರುವ ಮಕ್ಕಳಿಗೆ ಒಂದು ಇಂಜೆಕ್ಷನ್ ಕೊಟ್ಟು ನೋಡಿದಾಗ ಮಲದಲ್ಲಿ ವೈರಸ್ ಹೋಗುವುದು ಕಡಿಮೆಯಾಯಿತು ಎಂದು ಮೊರಾದಾಬಾದ್ ಮತ್ತು ವೆಲ್ಲೂರಿನ ಅಧ್ಯಯನಗಳು 2014ರಲ್ಲಿ ತೋರಿಸಿದವು. ಬಾಯಿಯ ಮೂಲಕ ಕಲಿತ ಕೋಶಗಳಿಗೆ ಕರುಳಿನ ಗುರುತು ಆಗಲೇ ಇರುತ್ತದೆ. ಇಂಜೆಕ್ಷನ್ ಅವನ್ನು ಮತ್ತೆ ಎಬ್ಬಿಸುತ್ತದೆ. ಏನೂ ಕಲಿಯದ ಕರುಳಿಗೆ ಅದೇ ಇಂಜೆಕ್ಷನ್ ಅಷ್ಟು ಮಾಡಲಾರದು. ಹನಿ, ಇಂಜೆಕ್ಷನ್ ಎರಡೂ ಇರಲಿ ಅನ್ನುವುದು ಇದಕ್ಕೇ. ಹನಿಯನ್ನು ಎಂದಾದರೂ ನಿಲ್ಲಿಸಲೇಬೇಕು. ಆದರೆ ಇಂಜೆಕ್ಷನ್ ಪ್ರತಿ ಮಗುವಿಗೂ ಮುಟ್ಟುವ ಮೊದಲು ನಿಲ್ಲಿಸಿದರೆ 2016ರ ತಪ್ಪು ಮರುಕಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಮಟ್ಟಿಗೆ

ಈ ಊರಿನಲ್ಲಿ ಎರಡು ಬಗೆಯ ಬಾಲ್ಯ ಅಕ್ಕಪಕ್ಕ ಇವೆ. ಅಪಾರ್ಟ್‌ಮೆಂಟಿನ ಮಗುವಿಗೆ ಇಂಜೆಕ್ಷನ್ ಪೂರ್ತಿ ಆಗಿರುತ್ತದೆ, ಕೆಲವು ಸಲ ಹನಿ ಇರುವುದಿಲ್ಲ. ಅದೇ ಅಪಾರ್ಟ್‌ಮೆಂಟ್ ಪಕ್ಕದ ಕಟ್ಟಡ ಕೆಲಸದ ಶೆಡ್ಡಿನಲ್ಲಿರುವ ಮಗು ಕೆಲಸ ಮುಗಿದಂತೆ ಊರು ಬದಲಿಸುತ್ತದೆ. ಅದರ ತಾಯಿ ಕಾರ್ಡ್ ಎಲ್ಲೋ ಕಳೆದಿರುತ್ತದೆ, ಶೌಚಾಲಯ, ನೀರು ಎರಡಕ್ಕೂ ಕಷ್ಟ. ಮೊದಲ ಮಗು ವೈರಸ್ ಹೊತ್ತುಕೊಂಡರೂ ಅದಕ್ಕೆ ಏನೂ ಆಗುವುದಿಲ್ಲ. ಏನಾದರೂ ಆಗುವುದಿದ್ದರೆ ಎರಡನೇ ಮಗುವಿಗೆ. ಪಲ್ಸ್ ಪೋಲಿಯೊ ಬೂತಿನವರು ಶೆಡ್ಡು, ಇಟ್ಟಿಗೆಗೂಡು, ಬಸ್ ನಿಲ್ದಾಣ ಹುಡುಕಿಕೊಂಡು ಹೋಗುವುದು ಇದಕ್ಕಾಗಿ.

ಬೂತಿನ ಐಸ್ ಡಬ್ಬಿಯಿಂದ ಹೊರಬರುವ ಪುಟ್ಟ ಬಾಟಲಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಲೇಬಲ್ ಮೇಲೆ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಬಾಟಲಿಗೆ ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ಚೌಕದ ಬಣ್ಣ ವೃತ್ತದಷ್ಟೇ ಗಾಢವಾದರೆ ಆ ಬಾಟಲಿ ಬಳಸುವಂತಿಲ್ಲ, ಒಳಗಿನ ವೈರಸ್ ಬಲ ಕಳೆದುಕೊಂಡಿರಬಹುದು ಅಂತ ಅರ್ಥ. ಸತ್ತ ವೈರಸ್ಸಿನಿಂದ ಕರುಳು ಕಲಿಯುವುದಿಲ್ಲ ಅಲ್ವಾ. ಚೌಕ ತೋರಿಸಿ ಎಂದು ಕೇಳಲು ಪೋಷಕರಿಗೆ ಹಕ್ಕಿದೆ, ಕಾರ್ಯಕರ್ತೆಯರೂ ತೋರಿಸುತ್ತಾರೆ.

ಇಂಜೆಕ್ಷನ್ ಎಲ್ಲ ಆಗಿದ್ದರೂ, ಹೋದ ಸಲ ಹನಿ ಹಾಕಿಸಿದ್ದರೂ, ಐದು ವರ್ಷದೊಳಗಿನ ಮಗುವಿಗೆ ಮುಂದಿನ ಸುತ್ತಿನಲ್ಲಿ ಹಾಕಿಸಬಹುದು, ಹೆಚ್ಚುವರಿ ಡೋಸಿನಿಂದ ತೊಂದರೆ ಇಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವ ಮಕ್ಕಳಿಗೆ ಮಾತ್ರ ಹನಿ ಹಾಕುವುದಿಲ್ಲ. ಅಂಥ ಮಗು ಮನೆಯಲ್ಲಿದ್ದರೆ ಅದರ ಅಣ್ಣ ತಮ್ಮ, ಅಕ್ಕ ತಂಗಿಯರಿಗೆ ಹಾಕಿಸುವ ಮೊದಲೂ ಮಕ್ಕಳ ವೈದ್ಯರನ್ನು ಕೇಳಬೇಕು. ಉಳಿದಂತೆ, ಮನೆಗೆಲಸಕ್ಕೆ ಬರುವವರ ಮಕ್ಕಳಿಗೆ, ಪಕ್ಕದ ಸೈಟಿನಲ್ಲಿರುವ ಮಕ್ಕಳಿಗೆ ಹನಿ ಸಿಕ್ಕಿತಾ ಅಂತ ವಿಚಾರಿಸಿ, ಸಿಗದಿದ್ದರೆ ಆ ಬೀದಿಯ ಆಶಾ ಕಾರ್ಯಕರ್ತೆಗೆ ತಿಳಿಸಿ. ಬೂತ್ ಮುಗಿದ ಮರುದಿನದಿಂದ ಅವರು ಮನೆಮನೆಗೆ ಬರುತ್ತಾರೆ.